ಗುರುವಿನ ಪಾಲಿನ ಹಾಲು

ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷದ ಚಳಿಗಾಲ. ನಾನು ಕಮಲಾಪುರಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಸಗಣಿ ತೆಗೆಯುವವಳು ನಾನು, ಹಾಲು ಕುಡಿಯುವವರು ಬೇರೆಯವರು. ಸೊಸೆಗೆ ಹಾಲು ಕೊಟ್ಟರೆ ನಾಲಿಗೆ ಬೆಳೆಯುತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ನನ್ನ ನಾಲಿಗೆ ಹಾಲಿಲ್ಲದೆಯೂ ಬೆಳೆಯಿತು, ಆ ಮಾತು ಬೇರೆ.

ಅಂಗಳದ ಆಚೆಗಿದ್ದ ಒಂದು ಕೋಣೆ ಮತ್ತು ಅದರ ಮುಂದಿನ ಪಡಸಾಲೆಯನ್ನು ಒಬ್ಬ ಸಿಖ್ ಸರ್ದಾರನಿಗೆ ಬಾಡಿಗೆಗೆ ಕೊಟ್ಟಿದ್ದರು. ಬೀದರ ಕಡೆಯವನು. ಅವನ ಮುತ್ತಜ್ಜ ನಿಜಾಮನ ಫೌಜಿಗೆಂದು ಪಂಜಾಬದಿಂದ ಬಂದವನಂತೆ. ಗಂಡ ಹೆಂಡತಿ ಇಬ್ಬರೂ ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಉರ್ದು. ನಮ್ಮೂರಿನ ಕೆಂಪು ಬಾಳೆಹಣ್ಣನ್ನು ಲಾರಿಯಲ್ಲಿ ಹೇರಿಕೊಂಡು ಕಲಬುರಗಿಗೆ ಒಯ್ಯುವುದು ಅವನ ಕೆಲಸ. ಅವನ ಹೆಂಡತಿ ಐದು ತಿಂಗಳ ಬಸುರಿ.

ಅತ್ತೆಗೆ ಒಂದು ಸಂಗತಿ ಬಗೆಹರಿಯಲಿಲ್ಲ. ಅಂಥ ಚಳಿಯಲ್ಲೂ ಅವರಿಬ್ಬರು ಪಡಸಾಲೆಯಲ್ಲಿ ಮಲಗುತ್ತಿದ್ದರು. ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

"ಒಳಗ ಯಾರದಾರವ್ವಾ?" ಎಂದು ಒಂದು ಸಂಜೆ ಸರ್ದಾರನ ಹೆಂಡತಿಯನ್ನು ಕೇಳಿಯೇಬಿಟ್ಟಳು.

"ನಮ್ಮ ಗುರುಗಳು ಅದಾರ್ರಿ ಅಮ್ಮಾ. ಈಗರೇ ಮಲಗಿಸಿ ಬಂದೀನಿ."

ನಮ್ಮಲ್ಲಿ ಗುರು ಎಂದರೆ ಕಾವಿ ಉಟ್ಟು ಬರುವ ಸ್ವಾಮಿ. ಕಾಲು ತೊಳೆಯಬೇಕು, ಉಣ್ಣಿಸಬೇಕು, ಅವರು ಉಂಡ ಮೇಲೆ ನಾವು. ಯಾರದೋ ಗುರು ತನ್ನ ಸೂರಿನ ಕೆಳಗೆ ಬರಿಹೊಟ್ಟೆಯಲ್ಲಿ ಮಲಗಿದ್ದಾರೆ ಎಂದು ಅತ್ತೆಗೆ ಎದೆ ಹೊಡೆದುಕೊಂಡಿತು. ನನ್ನ ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ ಕಳಿಸಿದಳು. "ಅವರು ಉಣ್ಣಂಗಿಲ್ರಿ" ಎಂದು ತಿರುಗಿ ಬಂತು. ಅತ್ತೆ ಬೆರಗಾದಳು. "ಅನುಷ್ಠಾನಕ್ಕ ಕುಂತಾರ ಕಾಣ್ತದ. ಹಂಗಾರ ಹಾಲು ಒಯ್ಯಿ. ಹಾಲಿಗಿ ದೋಷ ಇಲ್ಲ."

ಒಂದು ಬಟ್ಟಲು ಹಾಲು ಹಿಡಿದು ಹೋದೆ. ಅವಳು ನನ್ನ ಕೈಕಾಲು ತೊಳೆಸಿ, ತಲೆಯ ಮೇಲೆ ಸೆರಗು ಹೊದಿಸಿ ಒಳಗೆ ಕರೆದಳು. ಮೇಲೊಂದು ಬಟ್ಟೆಯ ಚಪ್ಪರ. ಕೆಳಗೆ ಸಣ್ಣ ಮಂಚ, ಗಾದಿ, ರೇಷ್ಮೆಯ ಹೊದಿಕೆ. ಹೊದಿಕೆಯ ಕೆಳಗೆ ಒಂದು ದೊಡ್ಡ ಪುಸ್ತಕ.

"ಅಕ್ಕಾ, ಇದು ಪುಸ್ತಕ ಅಲ್ಲೇನ್ರಿ?"

"ಗ್ರಂಥಸಾಹೇಬ, ತಂಗಿ. ನಮ್ಮ ಕಡೀ ಗುರುಗಳು ಹೋಗಾಗ ಹೇಳ್ಯಾರ, ಇನ್ನ ಮ್ಯಾಲ ಮನಷ್ಯಾ ಗುರು ಬ್ಯಾಡ, ಗ್ರಂಥನೇ ನಿಮ್ಮ ಗುರು ಅಂತ. ಮುಂಜಾನಿ ಎಬ್ಬಸ್ತೀವಿ, ಸಂಜೀಕ ಮಲಗಸ್ತೀವಿ. ನಿಮ್ಮ ಅತ್ತಿಗಿ ತಿಳಿದಿಲ್ಲ ಕಾಣ್ತದ. ಹೇಳ್ತೀನಿ ತಡಿ."

"ಹೇಳಬ್ಯಾಡ್ರಿ! ಹೇಳಿದ್ರ ಹಾಲು ನಿಂತೇ ಹೋಗ್ತದ."

"ಸುಳ್ಳು ಹೇಳಾಕ ಬರಂಗಿಲ್ಲ ನಂಗ."

"ಸುಳ್ಳು ಯಾರು ಹೇಳಂದ್ರು? ಕೇಳೂತನ ಸುಮ್ಮನಿರ್ರಿ."

ಅವಳು ನಕ್ಕಳು. ಗುರುಗಳ ಮುಂದೆ ಬಂದದ್ದನ್ನು ಒಬ್ಬರೇ ತೆಗೆದುಕೊಳ್ಳಬಾರದು ಎಂದು ನನ್ನನ್ನು ಕೂರಿಸಿ ಅರ್ಧ ಹಾಲು ಕೊಟ್ಟಳು. ಮರುದಿನವೂ ಅರ್ಧ. ಎರಡು ತಿಂಗಳಲ್ಲಿ ನನ್ನ ಬಳೆಗಳು ಬಿಗಿಯಾದವು. ಅತ್ತೆಯೋ, ಹಗಲೆಲ್ಲ ನನ್ನನ್ನು ಗದರಿಸುತ್ತಿದ್ದಳು: "ಮೆಲ್ಲಕ ಕುಟ್ಟ, ಅಲ್ಲಿ ಗುರುಗಳು ಕುಂತಾರ!"

ಆಗ ಬಂದರು ಅಮೀನ ಸಾಹೇಬರು. ಪೊಲೀಸ್ ಫೌಜದಾರರಿಗೆ ಆಗ ಹಾಗೆ ಅನ್ನುತ್ತಿದ್ದೆವು. ಅಡಗಿ ಕುಳಿತ ನಿಜಾಮನ ಕಡೆಯವರನ್ನು ಊರೂರು ಹುಡುಕುತ್ತಿದ್ದ ಕಾಲ ಅದು. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರು. ಅತ್ತೆ ಎದೆಯುಬ್ಬಿಸಿ ಹೇಳಿದಳು:

"ನಾವು ಐದು ಮಂದಿ. ಬಾಡಿಗಿಯವರು ಇಬ್ರು. ಗುರುಗಳು ಒಬ್ರು."

"ಯಾವ ಗುರುಗಳು? ಹೊರಗ ಕರೀರಿ."

"ಹೊರಗ ಬರಂಗಿಲ್ಲ ಅವರು. ಎರಡು ತಿಂಗಳಾತು, ಒಂದಿನ ಬಂದಿಲ್ಲ."

ಅಮೀನರು ಲೇಖಣಿ ಕೆಳಗಿಟ್ಟು ಜೊತೆಗೆ ಬಂದಿದ್ದ ಪೊಲೀಸ್ ಜವಾನನ ಕಡೆ ನೋಡಿದರು. ಜವಾನ ಲಾಠಿ ಎತ್ತಿಕೊಂಡ. ಸರ್ದಾರ ಲಾರಿಯೊಂದಿಗೆ ಕಲಬುರಗಿಗೆ ಹೋಗಿದ್ದ. ಮನುಷ್ಯನನ್ನು ಬಚ್ಚಿಟ್ಟಿದ್ದಾನೆ ಎಂದು ಅವನನ್ನು ಹಿಡಿದುಕೊಂಡು ಹೋದರೆ ಬಸುರಿಯ ಗತಿ ಏನು ಎಂಬ ಭಯ ನನಗೂ ಆಯಿತು. ಆದರೆ ಸುಳ್ಳು ಯಾಕೆ, ಮೊದಲು ಆದದ್ದು ಹಾಲಿನ ಭಯ.

ಕೋಣೆಯ ಬಾಗಿಲಲ್ಲಿ ಆ ಬಸುರಿ ಅಡ್ಡ ನಿಂತಳು. "ಒಳಗ ಬರ್ರಿ ಸಾಹೇಬ್ರ. ಬೂಟು ಮಾತ್ರ ಹೊರಗ ಬಿಡ್ರಿ."

ಅಮೀನರು ಬೂಟು ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಎಲ್ಲರೂ ನೋಡಿದೆವು, ಅಮೀನರ ಜೋರು ಅಲ್ಲಿಗೆ ಅರ್ಧ ಇಳಿಯಿತು. ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದರು. ಯಾರೂ ಇರಲಿಲ್ಲ.

"ಎಲ್ಲಿ ಗುರುಗಳು?"

ಅವಳು ಕೈಮುಗಿದು ಹೊದಿಕೆ ಸರಿಸಿದಳು. "ಇವರೇ."

ಜವಾನ ಲಾಠಿ ಕಂಕುಳಲ್ಲಿ ಇಟ್ಟುಕೊಂಡು ನಮಸ್ಕಾರ ಮಾಡಿದ. ಅಮೀನರು ಉಸಿರು ಬಿಟ್ಟರು. "ಗ್ರಂಥಸಾಹೇಬ ಏನು? ಮೊದಲೇ ಹೇಳಬೇಕಿಲ್ಲೋ ಮುದುಕಿ? ಇವರನ್ನ ಮಂದೀ ಲೆಕ್ಕದಾಗ ಬರೆಯಾಕ ಬರಂಗಿಲ್ಲ."

"ಯಾಕ ಬರಂಗಿಲ್ಲ? ನನ್ನ ಮನ್ಯಾಗ ಅದಾರ, ಬರ್ಕೋರಿ!" ಎಂದ ಅತ್ತೆ ಅಷ್ಟಕ್ಕೇ ತಡೆದಳು. ಕಣ್ಣು ಪುಸ್ತಕದ ಮೇಲಿತ್ತು. "ತಡೀರಿ. ಹಂಗಾರ ಹಾಲು ಯಾರು ಕುಡದ್ರು?"

"ಯಾವ ಹಾಲು?" ಎಂದು ಅಮೀನರು ಮತ್ತೆ ಲೇಖಣಿ ಎತ್ತಿದರು.

"ನಾ ಕುಡದೀನ್ರಿ ಅಮ್ಮಾ, ಅರ್ಧ" ಎಂದಳು ಅವಳು. "ಉಳದ ಅರ್ಧ ನಿಮ್ಮ ಸೊಸಿ."

ಸುಳ್ಳು ಹೇಳದವರ ಜೊತೆ ಸೇರಿ ಕಳ್ಳತನ ಮಾಡಬಾರದು. ಅಮೀನರು ಹೋದ ಮೇಲೆ ನನ್ನ ಬೆನ್ನಿಗೆ ಬಿದ್ದದ್ದನ್ನು ಬರೆಯುವುದಿಲ್ಲ. ಗುರು ಖರೇ, ಸೊಸೆ ಕಳ್ಳಿ ಎಂದು ಅತ್ತೆ ತೀರ್ಪು ಕೊಟ್ಟಳು. ಬಾಡಿಗೆಯವರನ್ನು ಬಿಡಿಸಲಿಲ್ಲ. ಇನ್ನು ಮೇಲೆ ಹಾಲನ್ನು ತಾನೇ ಒಯ್ದು, ಬಸುರಿ ಕುಡಿಯುವವರೆಗೂ ಎದುರಿಗೆ ನಿಲ್ಲುತ್ತೇನೆ ಎಂದಳು.

ಮರುದಿನ ಸಂಜೆ ಒಯ್ದಳು. ಆ ಹೆಣ್ಣು ಹಾಲಿನ ಬಟ್ಟಲನ್ನು ಮಂಚದ ಮುಂದಿಟ್ಟು ಅಂಗಳಕ್ಕೆ ಕೂಗಿದಳು: "ತಂಗಿ, ನೀನೂ ಬಾ!"

"ಆಕಿ ಯಾಕ?" ಎಂದಳು ಅತ್ತೆ.

"ಇಲ್ಲಿ ಹಂಚಿಕೊಂಡೇ ತಗೋಬೇಕ್ರಿ ಅಮ್ಮಾ. ಮ್ಯಾಲಿನವರು, ಕೆಳಗಿನವರು ಅಂಬೋದಿಲ್ಲ. ಎಲ್ಲಾರೂ ಒಂದೇ ಸಾಲ. ನೀವೂ ಕೂಡ್ರಿ."

ಗುರುವಿನ ಮುಂದೆ ಜಗಳ ಮಾಡುವ ಧೈರ್ಯ ಅತ್ತೆಗಿರಲಿಲ್ಲ. ಕೂತಳು, ನನ್ನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಆಮೇಲೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದೆವು. ಆ ಕೋಣೆ ಬಿಟ್ಟರೆ ಬೇರೆಲ್ಲೂ ಅವಳು ನನ್ನ ಪಕ್ಕಕ್ಕೆ ಕೂತು ತಿಂದವಳಲ್ಲ, ಕುಡಿದವಳಲ್ಲ.

ಒಂದೇ ಬಟ್ಟಲನ್ನು ಮೂವರಿಗೆ ಸಮನಾಗಿ ಹಂಚಿದರು. ಮೊದಲು ನನಗೆ ಅರ್ಧ ಬರುತ್ತಿತ್ತು. ಗುರುವಿನ ಮೇಲೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅತ್ತೆಗೂ ಆ ಪಾಲು ಸಾಲಲಿಲ್ಲ ಎಂದು ಕಾಣುತ್ತದೆ. ಮೂರನೆಯ ಸಂಜೆ ಬಟ್ಟಲು ಬಿಟ್ಟು ತಂಬಿಗೆಯಲ್ಲಿ ಹಾಲು ತಂದಳು.