ಶರಣಮ್ಮ ಅಕ್ಕೋರ ಎಂಜಿನ್

ಶರಣಮ್ಮ ಅಕ್ಕೋರು ಯಾವ ಯಂತ್ರವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಬಲಗೈಯ ಹಿಂಬದಿಯನ್ನು ಅದರ ಮೈಮೇಲಿಟ್ಟು, ಕಣ್ಣು ಅರ್ಧ ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆಮೇಲೆ ಕನ್ನಡಕ ಏರಿಸುತ್ತಿದ್ದರು. ಆ ಕನ್ನಡಕದ ಒಂದು ಕಾಲು ಎಂದೋ ಮುರಿದು ಅಲ್ಲಿ ಫ್ಯೂಸ್ ತಂತಿ ಸುತ್ತಿತ್ತು. ಹೊಸದು ಮಾಡಿಸಿಕೊಳ್ಳಿ ಎಂದರೆ, ಈ ತಂತಿ ಹರಿದ ದಿನ ಲೋಡು ಜಾಸ್ತಿಯಾಗಿದೆ ಎಂದು ಗೊತ್ತಾಗುತ್ತದೆ, ರಜೆ ಹಾಕಿ ಮನೆಗೆ ಹೋಗುತ್ತೇನೆ ಎನ್ನುತ್ತಿದ್ದರು.

ಕೊಪ್ಪಳದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಕಾಗದದ ಮೇಲೆ ಅವರದು ಪಾಠ ಹೇಳುವ ಹುದ್ದೆಯಲ್ಲ. ಆದರೆ ನಮ್ಮ ಕಡೆ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಎನ್ನುತ್ತಾರೆ, ಮತ್ತು ಆ ಕಾಲೇಜಿನಲ್ಲಿ ನಿಜಕ್ಕೂ ಕಲಿಸುತ್ತಿದ್ದವರು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಹಾಗಾಗಿ ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕೋರೇ. ಹನುಮಸಾಗರದಲ್ಲಿ ಅವರ ತಂದೆ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರಂತೆ. ಆ ಅಂಗಡಿಯಲ್ಲಿ ಬೆಳೆದ ಹುಡುಗಿ ಡಿಪ್ಲೊಮಾ ಮಾಡಿ, ಲ್ಯಾಬು ಸೇರಿ, ಅಲ್ಲೇ ತಲೆ ನೆರೆಸಿಕೊಂಡಿದ್ದರು.

ನಾನು ಪ್ರೋಗ್ರಾಮಿಂಗ್ ಪಾಠ ಹೇಳಲು ಸೇರಿದ ದಿನ ಊರು ಯಾವುದೆಂದು ಕೇಳಿದರು. ಮಂಗಳೂರು ಎಂದೆ. ಎಲ್ಲರೂ ಕೂಡಲೇ ಮೀನು, ಸಮುದ್ರ ಎಂದು ಶುರುಮಾಡುತ್ತಾರೆ. ನಮ್ಮದು ಯಲಬುರ್ಗಾದ ಮಂಗಳೂರು ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿರುತ್ತದೆ. ಅಕ್ಕೋರಿಗೆ ಹೇಳಬೇಕಾಗಿ ಬರಲಿಲ್ಲ.

"ನಿನ್ನ ಮಂಗಳೂರಾಗ ಸಮುದ್ರಿಲ್ಲ, ನನ್ನ ಹನುಮಸಾಗರದಾಗ ಸಾಗರಿಲ್ಲ. ಬರೇ ಹೆಸರು ನೋಡಿ ನಂಬಬಾರದು ನೋಡು ತಮ್ಮಾ" ಎಂದರು.

ವಿದ್ಯಾರ್ಥಿಗಳು ಬಂದು ಈ ಬೋರ್ಡು ಕೆಲಸ ಮಾಡುತ್ತಿಲ್ಲ ಎಂದರೆ ಅವರ ಉತ್ತರ ಯಾವಾಗಲೂ ಒಂದೇ: "ಮಾಡಾಕತ್ತೈತಿ. ನೀ ಹೇಳಿದ್ದನ್ನ ಮಾಡಾಕತ್ತೈತಿ. ಏನ್ ಹೇಳಿದಿ ನೆನಸ್ಕೋ." ಆ ಮಾತನ್ನು ಒಂದು ದಿನ ನಾನೂ ಕೇಳಿಸಿಕೊಳ್ಳಬೇಕಾಯಿತು.

ಅದಕ್ಕೆ ಕಾರಣವಾದದ್ದು ಶ್ರೀರಾಮನಗರದ ಆಚೆಯ ಒಂದು ಉಪಕಾಲುವೆ. ಅದರ ಕೊನೆಯಲ್ಲಿ ಭತ್ತ ಬೆಳೆಯುವವರು ನಮಗೆ ನೀರು ತಲುಪುವುದೇ ಇಲ್ಲ ಎನ್ನುತ್ತಿದ್ದರು. ಕಾಲುವೆ ಶುರುವಾಗುವ ತಲೆಭಾಗದವರು ದಿನಾ ಬಿಡುತ್ತೇವೆ, ಸುಳ್ಳು ಹೇಳುತ್ತಾರೆ ಎನ್ನುತ್ತಿದ್ದರು. ಕೊನೆಯವರ ಸಂಘದ ಅಧ್ಯಕ್ಷರು ಸತ್ಯನಾರಾಯಣ ಎಂಬ ತೆಲುಗು ರೈತರು. ಅವರು ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಒಂದು ಯಂತ್ರ ಹಾಕಿಸಿ, ಅಂಕಿಗಳು ಎಲ್ಲರ ಮೊಬೈಲಿಗೂ ಕಾಣುವಂತೆ ಮಾಡಿದ್ದರು. ಜಗಳ ಕಡಿಮೆಯಾಗಲಿಲ್ಲ, ಹೊಸ ವಿಷಯ ಸಿಕ್ಕಿತು ಅಷ್ಟೆ. ಅಂಕಿ ತಿದ್ದಿದ್ದಾರೆ ಎಂದು ಇವರ ಮೇಲೆ ಅವರು, ಅವರ ಮೇಲೆ ಇವರು. ಒಮ್ಮೆ ಕಾಲುವೆಯ ಗೇಟಿನ ಹತ್ತಿರ ಕೈಕೈ ಮಿಲಾಯಿಸುವವರೆಗೂ ಹೋಯಿತು. ಯಾರೂ ತಿದ್ದಲಾಗದ ಅಂಕಿ ಬೇಕು, ಮಾಡಿಕೊಡಿ ಎಂದು ಸತ್ಯನಾರಾಯಣ ಅವರು ನಮ್ಮ ಕಾಲೇಜಿಗೆ ಬಂದರು.

ನನಗೆ ಇದು ಸುಲಭವೆನಿಸಿತು. ಗುಪ್ತಲಿಪಿಯ ಕೆಲಸಕ್ಕೆಂದೇ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದಾದ, ತೆರೆದಿಟ್ಟ, ಸಿದ್ಧ ಪ್ರೋಗ್ರಾಮುಗಳ ಒಂದು ಸಾಫ್ಟ್‌ವೇರ್ ಲೈಬ್ರರಿ ಇದೆ. ಅದನ್ನು ಬಳಸಿ ಪ್ರತಿ ಅಂಕಿಗೂ ಒಂದು ಮುದ್ರೆ ಒತ್ತಿ ಕಳಿಸಬಹುದು. ಆಮೇಲೆ ಅಂಕಿ ಒಂದಿಷ್ಟು ಬದಲಾದರೂ ಮುದ್ರೆ ಹೊಂದುವುದಿಲ್ಲ. ಮುದ್ರೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಒತ್ತಲು ಮಾತ್ರ ಒಂದು ಗುಟ್ಟಿನ ಕೀಲಿಕೈ ಬೇಕು. ನಾನು ಒಂದು ವಾರದಲ್ಲಿ ಎಲ್ಲ ಸಿದ್ಧಮಾಡಿ ಅಕ್ಕೋರಿಗೆ ತೋರಿಸಿದೆ. ಅವರು ಕೈಯಿಟ್ಟು ನೋಡಿ, ಆ ಕೀಲಿಕೈ ಎಲ್ಲಿದೆ ಎಂದು ಕೇಳಿದರು. ಯಂತ್ರದ ಮೆಮೊರಿ ಕಾರ್ಡಿನಲ್ಲಿ ಎಂದೆ. ಉಗುರಿನಿಂದ ಒತ್ತಿ ಕಾರ್ಡನ್ನು ಹೊರಗೆ ತೆಗೆದು, ನನ್ನ ಅಂಗಿಯ ಜೇಬಿಗೆ ಹಾಕಿ, ತಮ್ಮ ಕುರ್ಚಿಗೆ ಹೋಗಿ ಕೂತರು. ಯಾರು ಬೇಕಾದರೂ ಹೀಗೆ ಒಯ್ಯಬಹುದು ಎಂದು ನನಗೆ ತಿಳಿಯಿತು.

ಮರುದಿನ ಅವರೇ ದಾರಿ ಹೇಳಿದರು. ನಮಗೆ ಬೇಕಾದ ಸರ್ಕ್ಯೂಟನ್ನು ನಾವೇ ರಚಿಸಿ ತುಂಬಬಹುದಾದ ಚಿಪ್ಪುಗಳು ಲ್ಯಾಬಿನಲ್ಲಿದ್ದವು. ಅಂಥ ಒಂದರೊಳಗೆ ಕೀಲಿಕೈ ಹುಟ್ಟಬೇಕು, ಅಲ್ಲೇ ಇರಬೇಕು, ಮುದ್ರೆಯನ್ನೂ ಅದೇ ಒತ್ತಬೇಕು. ಹೊರಗೆ ಬರುವುದು ಮುದ್ರೆ ಮಾತ್ರ. ಚಿಪ್ಪು ಅವರ ಪಾಲು. ಲೈಬ್ರರಿಗೆ, ನೀನು ಲೆಕ್ಕ ಮಾಡಬೇಡ, ಈ ಚಿಪ್ಪನ್ನು ಕೇಳು ಎಂದು ಹೇಳುವ ಕೊಂಡಿ ಬರೆಯುವುದು ನನ್ನ ಪಾಲು. ಆ ಲೈಬ್ರರಿಯವರು ಇಂಥ ಕೊಂಡಿಗೆ ಇಟ್ಟಿರುವ ಹೆಸರು ಎಂಜಿನ್.

ಹೆಸರು ನೋಡಿ ನಂಬಬಾರದು ಎಂಬುದು ಇಲ್ಲಿ ಎರಡು ಸಲ ನಿಜವಾಯಿತು. ಲೈಬ್ರರಿಗೆ ಒಂದು ಹೊಸ ಎಂಜಿನ್ ಸೇರಿಸಲು ಅನುಮತಿ ಬೇಕು ಎಂದು ಬರೆದ ನಮ್ಮ ಅರ್ಜಿಯನ್ನು ಪ್ರಿನ್ಸಿಪಾಲರು ಕಾಲೇಜಿನ ಗ್ರಂಥಪಾಲಕರಿಗೆ ಕಳಿಸಿದರು. ಅವರು ಜಾಗದ ಕೊರತೆ ಹಾಗೂ ಓದುಗರಿಗೆ ಸದ್ದಿನ ತೊಂದರೆ ಎಂಬ ಕಾರಣ ಕೊಟ್ಟು ಅದನ್ನು ತಿರಸ್ಕರಿಸಿದರು. ಅಕ್ಕೋರು ಆ ಕಾಗದವನ್ನು ಬಹಳ ದಿನ ಲ್ಯಾಬಿನ ಗೋಡೆಗೆ ಅಂಟಿಸಿಕೊಂಡಿದ್ದರು. ಮುಂದೆ ಶ್ರೀರಾಮನಗರದಲ್ಲಂತೂ ಎಂಜಿನ್ ಬರುತ್ತದೆಂದು ಸುದ್ದಿಯಾಗಿ, ಎಷ್ಟು ಎಚ್‌ಪಿಯದು ಎಂದು ಕೇಳುತ್ತಾ ಜನ ಕಾಲುವೆಯ ಏರಿಯ ಮೇಲೆ ಕಾದು ನಿಂತಿದ್ದರು. ಅಕ್ಕೋರು ಪರ್ಸಿನಿಂದ ಅಂಗೈಯಗಲದ ಬೋರ್ಡು ತೆಗೆದು ತೋರಿಸಿದಾಗ ಒಬ್ಬ ಮುದುಕರು, ಇದು ಬೀಜ ಇದ್ದಂಗ ಐತಿ, ಬೆಳದ ಮ್ಯಾಲ ಎಷ್ಟಾಗತೈತಿ ಎಂದು ಕೇಳಿದರು.

ಆದರೆ ಅಲ್ಲಿಗೆ ಹೋಗುವ ಮೊದಲು ನನ್ನ ಮಾನ ಹೋಗುವುದಿತ್ತು.

ಕೊಂಡಿ ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಎಲ್ಲವೂ ಓಡಿತು. ಅಂಕಿ ಹೋಯಿತು, ಮುದ್ರೆ ಬಿತ್ತು, ಪರೀಕ್ಷಿಸಿದರೆ ಹೊಂದಿತು. ನಾನು ಕ್ಯಾಂಟೀನಿನಿಂದ ಮಿರ್ಚಿ ಬಜ್ಜಿ ತರಿಸಿದೆ. ಅಕ್ಕೋರು ಎದ್ದು ಬಂದು ಚಿಪ್ಪಿನ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತು, ಇದು ಕೆಲಸ ಮಾಡಿಲ್ಲ, ತಣ್ಣಗಿದೆ ಎಂದರು. ನನಗೆ ಸಿಟ್ಟು ಬಂತು. ಪರದೆಯ ಮೇಲೆ ಸಾಲುಸಾಲು ಮುದ್ರೆಗಳಿವೆ, ಎಲ್ಲವೂ ಸರಿಯಾಗಿವೆ, ಕೈಯಿಟ್ಟು ನೋಡಿ ಹೇಳಲು ಇದು ರೊಟ್ಟಿಯ ಹಂಚಲ್ಲ ಎಂದುಬಿಟ್ಟೆ. ಅವರು ಚಿಪ್ಪಿನ ಬೋರ್ಡನ್ನೇ ಕಿತ್ತು ಮೇಜಿನ ಮೇಲಿಟ್ಟರು.

ಪರದೆಯ ಮೇಲೆ ಮುದ್ರೆಗಳು ಬೀಳುತ್ತಲೇ ಇದ್ದವು.

ಆದದ್ದು ಇಷ್ಟೇ. ಶುರುವಿನಲ್ಲಿ ಎಂಜಿನ್‌ನ ಹೆಸರು ಬರೆಯುವಾಗ ನಾನು ಒಂದು ಅಕ್ಷರ ತಪ್ಪಿದ್ದೆ. ಲೈಬ್ರರಿ ಆ ಹೆಸರಿನ ಎಂಜಿನ್ ಹುಡುಕಿ, ಸಿಗದೆ, ನನ್ನ ಪ್ರೋಗ್ರಾಮಿಗೆ ಹಾಗೆಂದು ತಿಳಿಸಿತ್ತು. ನನ್ನ ಪ್ರೋಗ್ರಾಮು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಪರೀಕ್ಷೆಗೆಂದು ಕಾರ್ಡಿನಲ್ಲಿ ಇಟ್ಟು ಮರೆತಿದ್ದ ಹಳೆಯ ಕೀಲಿಕೈಯಿಂದ ಲೈಬ್ರರಿ ತಾನೇ ಮುದ್ರೆ ಒತ್ತುತ್ತಿತ್ತು. ಹಾಗೇ ಕಾಲುವೆಗೆ ಹೋಗಿದ್ದರೆ, ಕಾರ್ಡು ಕದ್ದ ಯಾರಾದರೂ ಬೇಕಾದ ಅಂಕಿಗೆ ಬೇಕಾದ ಮುದ್ರೆ ಒತ್ತಬಹುದಿತ್ತು, ಮತ್ತು ನಾವು ಅದನ್ನು ಅಸಲಿ ಎಂದು ಆಣೆಯಿಟ್ಟು ಹೇಳುತ್ತಿದ್ದೆವು.

"ಮಾಡಾಕತ್ತೈತಿ ತಮ್ಮಾ, ನೀ ಹೇಳಿದ್ದನ್ನ ಮಾಡಾಕತ್ತೈತಿ" ಎಂದರು ಅಕ್ಕೋರು, ನಗದೆ. ಆಮೇಲೆ ಮಿರ್ಚಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಒಂದು ಮಾತು ಸೇರಿಸಿದರು: "ಆಗೂದಿಲ್ಲಂದ್ರ ಆಗೂದಿಲ್ಲ ಅನ್ನಬೇಕು ಅದು. ಸುಮ್ನ ಹೂಂ ಹೂಂ ಅನ್ನೂ ಯಂತ್ರ ನನಗ ಬ್ಯಾಡ." ಅಂದಿನಿಂದ ನಮ್ಮ ನಿಯಮ ಬದಲಾಯಿತು. ಮೊದಲು ಚಿಪ್ಪು ಕಿತ್ತು ಓಡಿಸಬೇಕು. ಎಲ್ಲವೂ ನಿಂತುಹೋದರೆ ಮಾತ್ರ ಮುಂದಿನ ಮಾತು.

ಮಳೆಗಾಲದ ನೀರು ಬಿಟ್ಟ ಮೇಲೆ ಯಂತ್ರವನ್ನು ಕಾಲುವೆಯ ಕೊನೆಯಲ್ಲಿ ಕೂರಿಸಿದೆವು. ತಲೆಭಾಗದವರ ಪರವಾಗಿ ದೊಡ್ಡಬಸಪ್ಪ ಎಂಬ ಹಿರಿಯರು ಬಂದು, ತಮ್ಮ ಕಡೆಯ ಒಬ್ಬ ತರುಣನಿಂದ ಮೊಬೈಲಿಗೆ ಬಂದ ಪಟ್ಟಿಯಲ್ಲಿನ ಒಂದು ಅಂಕಿ ತಿದ್ದಿಸಿ ನೋಡಿದರು. ಮುದ್ರೆ ಹೊಂದದೆ ಆ ಸಾಲು ಕೆಂಪಾಯಿತು. ಅವರು ಮೀಸೆ ತಿರುವಿಕೊಂಡು ಹೋದರು.

ಒಂದು ವಾರಕ್ಕೆ ಸತ್ಯನಾರಾಯಣ ಅವರು ಕಾಲೇಜಿಗೆ ಓಡಿಬಂದರು. ಮುಖ ಸಪ್ಪಗಿತ್ತು. ವಾರವಿಡೀ ಹನಿ ನೀರು ಬಂದಿಲ್ಲ ಎಂದು ಅವರ ಕಡೆಯವರು ಅಧಿಕಾರಿಗಳಿಗೆ ಮನವಿ ಕೊಟ್ಟಿದ್ದರು. ಆದರೆ ಯಂತ್ರ ಎರಡು ದಿನ ಮೊಣಕಾಲುದ್ದ ನೀರು ಬಂದಿತ್ತೆಂದು ಮುದ್ರೆ ಒತ್ತಿ ಊರಿಗೆಲ್ಲ ಹೇಳಿತ್ತು. ಬಂದದ್ದು ನಿಜವೇ ಅಂತೆ. ಸಿಟ್ಟಿನಲ್ಲಿ ಬರೆಯುವಾಗ ಅದನ್ನು ಬಿಟ್ಟಿದ್ದರಂತೆ. ಯಂತ್ರ ಹಾಕಿಸಿದ್ದು ನಾವು, ಅದು ನಮ್ಮ ಮೇಲೇ ಚಾಡಿ ಹೇಳಿದರೆ ಹೇಗೆ, ಜನ ನನ್ನನ್ನು ಬೈಯುತ್ತಿದ್ದಾರೆ, ಆ ಎರಡು ದಿನಗಳನ್ನು ಹೇಗಾದರೂ ಸರಿಮಾಡಿಕೊಡಿ ಎಂದು ಬೇಡಿಕೊಂಡರು. ಒಳ್ಳೆಯ ಮನುಷ್ಯರು, ನಮ್ಮನ್ನು ನಂಬಿ ಬಂದವರು. ನಾನು ಮುಖ ನೋಡಲಾರದೆ ಕಿಟಕಿ ಕಡೆ ತಿರುಗಿದೆ.

ಅಕ್ಕೋರು ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಕೂತ ಮೇಲೆ ಹೇಳಿದರು: "ಕೀಲಿಕೈ ನನ್ನ ಕಡೇನೂ ಇಲ್ರಿ. ಇರಬಾರದು ಅಂತನ ಹಂಗ ಮಾಡೀನಿ. ನನ್ನ ಕಡೆ ಇದ್ದಿದ್ರ ಇವತ್ತ ನಿಮ್ಮ ಮಾರಿ ನೋಡಿ ಒತ್ತಿಬಿಡ್ತಿದ್ನೇನೋ."

ಅವರು ನೀರು ಕುಡಿದು ಎದ್ದುಹೋದರು. ಯಂತ್ರವನ್ನು ಕಿತ್ತು ಕಾಲುವೆಗೆ ಎಸೆಯುತ್ತಾರೆ ಎಂದು ನಾನು ನಾಲ್ಕು ದಿನ ಹೆದರಿಕೊಂಡೇ ಇದ್ದೆ. ಎಸೆಯಲಿಲ್ಲ. ಮೂರನೆಯ ವಾರ ನೀರು ನಿಜವಾಗಿಯೂ ನಿಂತಿತು. ಐದು ದಿನ ಕಾಲುವೆಯ ತಳ ಕಂಡಿತು, ಯಂತ್ರ ಅದನ್ನೂ ಹಾಗೆಯೇ ಹೇಳಿತು. ಅಧಿಕಾರಿಗಳ ಮುಂದೆ ತಲೆಭಾಗದ ಯಾರೋ ಸುಳ್ಳು ಲೆಕ್ಕ ಎಂದು ಬಾಯಿ ತೆರೆದಾಗ ದೊಡ್ಡಬಸಪ್ಪನವರೇ ಅವರನ್ನು ಸುಮ್ಮನಿರಿಸಿದರಂತೆ. ತನ್ನವರನ್ನೇ ಬಿಡದ ಯಂತ್ರ ಅದು, ನಮ್ಮ ಮೇಲೆ ಯಾಕೆ ಸುಳ್ಳು ಹೇಳುತ್ತದೆ ಎಂದರಂತೆ. ಮರುದಿನದಿಂದ ಸರದಿಯ ಮೇಲೆ ಗೇಟು ತೆರೆಯಿತು.

ನಮ್ಮ ಎಂಜಿನನ್ನು ಮಾದರಿಯಾಗಿ ಸೇರಿಸಿಕೊಳ್ಳಿ ಎಂದು ಲೈಬ್ರರಿಯವರಿಗೂ ಕಳಿಸಿದೆವು. ಯಾವುದೋ ದೂರದೇಶದ ಒಬ್ಬರು ಅದನ್ನು ಸಾಲುಸಾಲಾಗಿ ಪರಿಶೀಲಿಸಿದರು. ಬರೆದವರ ಹೆಸರಿನ ಜಾಗದಲ್ಲಿ ನಾನು ಶರಣಮ್ಮ ಅಕ್ಕೋರು ಎಂದೇ ಹಾಕಿದ್ದರಿಂದ, ಅದು ಮನೆತನದ ಹೆಸರೆಂದು ತಿಳಿದು ಅವರು ಪ್ರತಿ ಪತ್ರವನ್ನೂ 'ಡಿಯರ್ ಅಕ್ಕೋರು' ಎಂದು ಶುರುಮಾಡುತ್ತಿದ್ದರು. ತಿದ್ದಿ ಬರೆಯುತ್ತೇನೆಂದರೆ ಅಕ್ಕೋರು ಬಿಡಲಿಲ್ಲ. ಇರಲಿ, ಪಾಪ, ಭಾಳ ಮರ್ಯಾದಸ್ಥ ಮನುಷ್ಯಾ ಎಂದರು.

ನಿವೃತ್ತರಾಗಿ ಅವರು ಹನುಮಸಾಗರಕ್ಕೆ ಹೋದರು. ಒಂದು ದಿನ ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಅವರನ್ನು ನೋಡಲು ಹೋದೆ. ಕೆಟ್ಟ ಸುದ್ದಿ ಒಯ್ದಿದ್ದೆ. ಲೈಬ್ರರಿಯವರು ಎಂಜಿನ್ ಎಂಬ ಪದ್ಧತಿಯನ್ನೇ ಕೈಬಿಡುತ್ತಿದ್ದಾರೆ, ಬೇರೆ ರೀತಿಯ ಕೊಂಡಿ ಬಂದಿದೆ, ನಾವು ಬರೆದದ್ದೆಲ್ಲ ಹೋಗುತ್ತದೆ ಎಂದು ಹೇಳಬೇಕಿತ್ತು. ಅವರು ಪಡಸಾಲೆಯಲ್ಲಿ ಅಕ್ಕಪಕ್ಕದವರ ಮಿಕ್ಸಿಗಳನ್ನು ಬಿಚ್ಚಿಕೊಂಡು ಕೂತಿದ್ದರು. ಪೂರ್ತಿ ಕೇಳಿಸಿಕೊಂಡು, ಕಾಲುವೆಯ ಕೊನೆಗೆ ನೀರು ಬರುತ್ತಿದೆಯೋ ಇಲ್ಲವೋ ಎಂದಷ್ಟೇ ಕೇಳಿದರು. ಬರುತ್ತಿದೆ ಎಂದೆ. ಹಾಗಾದರೆ ಹೊಸದನ್ನು ಬರೆ ಎಂದರು. ಜೋಳದ ರೊಟ್ಟಿ, ಪುಂಡಿಪಲ್ಲೆ ಊಟವಾಯಿತು. ಬಸ್ಸಿಗೆ ಹೊರಡುವಾಗ ಅವರಿಗೆ ಏನೋ ಹೊಳೆಯಿತು.

"ಚಿಪ್ಪು ಸತ್ರ ಕೀಲಿಕೈನೂ ಅದರ ಜೋಡಿ ಹೋಗತೈತಿ. ಮುಂದ ಇಡೂ ಹೊಸಾ ಚಿಪ್ಪನ್ನ ಜನಾ ಯಾಕ ನಂಬಬೇಕು?"

ಹಳೆಯದು ಬದುಕಿರುವಾಗಲೇ ಹೊಸದಕ್ಕೆ ಮುದ್ರೆ ಒತ್ತಿಸಿ ಇಡಬಹುದು ಎಂದೆ. ಹೇಳದೆ ಕೇಳದೆ ಸತ್ತರೆ ಎಂದು ಕೇಳಿದರು. ಉತ್ತರ ಸಿಕ್ಕ ಮೇಲೆ ಬಂದು ಹೇಳು ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಮುಂದಿನ ಬೇಸಿಗೆಯಲ್ಲಿ ಅಕ್ಕೋರು ಎದೆನೋವೆಂದು ಮಲಗಿದವರು ಏಳಲಿಲ್ಲ. ನಾನು ಮಣ್ಣು ಕೊಡಲು ಹೋಗಿಬಂದೆ. ಆಮೇಲೆ ಒಂದು ತಿಂಗಳೊಳಗೆ ಮುಂಗಾರಿನ ಮೊದಲ ಸಿಡಿಲು ಶ್ರೀರಾಮನಗರದ ಯಂತ್ರಕ್ಕೆ ಬಡಿದು ಚಿಪ್ಪು ಸುಟ್ಟಿತು. ಹೊಸದಕ್ಕೆ ಅದರಿಂದ ಮುದ್ರೆ ಒತ್ತಿಸಿಡುವ ಕೆಲಸ ನನ್ನಿಂದ ಇನ್ನೂ ಆಗಿರಲಿಲ್ಲ. ಅವರು ಬಿಟ್ಟುಹೋದ ಸರ್ಕ್ಯೂಟನ್ನೇ ಹೊಸ ಚಿಪ್ಪಿಗೆ ತುಂಬಿ, ಹೊಸ ಪದ್ಧತಿಯ ಕೊಂಡಿ ಬರೆದುಕೊಂಡು ಹೋದೆ. ಕಾಲುವೆಯ ಏರಿಯ ಮೇಲೆ ಎರಡೂ ಕಡೆಯ ಜನ ಸೇರಿದ್ದರು. ಇದು ಬೇರೆ ಚಿಪ್ಪು, ಕೀಲಿಕೈಯೂ ಬೇರೆ, ಇದನ್ನು ನಂಬಲು ನನ್ನ ಬಳಿ ಯಾವ ಪುರಾವೆಯೂ ಇಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ದೊಡ್ಡಬಸಪ್ಪನವರು ಮುಂದೆ ಬಂದರು.

"ಅಕ್ಕೋರ ಕೈಯಾಗ ಕೆಲಸಾ ಕಲ್ತಾಂವ ಹೌದಿಲ್ಲೋ ನೀನು?" ಎಂದು ಕೇಳಿದರು.

ಹೌದು ಎಂದೆ.

"ಹಂಗಾರ ಹಾಕು" ಎಂದರು.

ಚಿಪ್ಪನ್ನು ಕೂರಿಸಿ, ಪೆಟ್ಟಿಗೆಯ ಮುಚ್ಚಳ ಬಿಗಿದು, ಗಂಗಾವತಿಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಹನುಮಸಾಗರದ ದಾರಿಯ ಕುಷ್ಟಗಿ ಬಸ್ಸು ನಿಂತಿತ್ತು. ಹೊಸ ಚಿಪ್ಪನ್ನು ಜನ ಯಾಕೆ ನಂಬಬೇಕು ಎಂದು ಅಕ್ಕೋರು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಹೋಗಿ ಹೇಳಬೇಕಾದವರು ಇರಲಿಲ್ಲ. ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಕೊಪ್ಪಳದ ಬಸ್ಸು ಹತ್ತಿದೆ.