ಸೂಕ್ಷ್ಮಜೀವಿಗೆ ಸೆರಗಿನ ಕೊಂಡಿ

ವರ್ಗಾವಣೆ ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನ್ನ ಕಣ್ಣು ಅಟ್ಟದ ಮೇಲಿನ ಟ್ರಂಕನ್ನು ಹುಡುಕುತ್ತದೆ. ಶಿರೂರು, ಬಾದಾಮಿ, ಹುನಗುಂದ ಎಂದು ಮಾಸ್ತರಿಕೆಯಲ್ಲಿ ಅಲೆದು ಇಳಕಲ್ಲಿಗೆ ಮರಳಿದವನು ನಾನು. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವ ಮಗಳು ಸವಿತಾ ಊರಿಗೆ ಬಂದವಳೇ, "ಅಪ್ಪಾ, ಸೊಳ್ಳಿ ಕೊಲ್ಲಾಕ ಈಗ ಜೀನ್ ವರ್ಗಾವಣಿ ಮಾಡಾಕತ್ತಾರ" ಎಂದಳು. "ಯಾವ ಊರಿಗೆ?" ಎಂದು ಕೇಳಿಬಿಟ್ಟೆ. ನೀವೂ ನೌಕರಿ ಮಾಡಿದವರಾದರೆ ನಗಲಾರಿರಿ.

ಸವಿತಾ ಮಾತ್ರ ನಕ್ಕಳು. ಆಗ ನಾವಿದ್ದದ್ದು ನನ್ನ ಅಕ್ಕ ಗೌರವ್ವನ ಮನೆಯಲ್ಲಿ. ಅವಳದು ಸೀರೆ ನೇಯುವ ಕುಣಿಮಗ್ಗ, ಕಾಲು ನೆಲದ ಕುಣಿಯೊಳಗೆ, ಕೈ ನೂಲಿನ ಮೇಲೆ. ಸೊಳ್ಳೆಗಳಿಗೆ ಅದು ಎಲೆ ಹಾಕಿಟ್ಟ ಪಂಕ್ತಿ. ಹೋದ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂದು ಮೂರು ತಿಂಗಳು ಅಕ್ಕನ ಬೆರಳು ಮಡಚಲಿಲ್ಲ. ಬೆರಳಿಲ್ಲದಿದ್ದರೆ ಕೊಂಡಿ ಇಲ್ಲ. ಸೀರೆಯ ಒಡಲಿನ ಉದ್ದೆಳೆಗಳಾದ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವ ಕೆಲಸ ಅದು. ಇನ್ನೊಂದು ಸೊಳ್ಳೆಜ್ವರ ಬಂದರೆ ಅವಳ ಕೈ ಮತ್ತೆ ಮಗ್ಗಕ್ಕೆ ಬರುವುದು ಅನುಮಾನ. ಅಂಥವಳ ಬಳಕೆ ನೀರಿನ ತೊಟ್ಟಿಯಾದ ಕಲ್ಲುದೋಣಿಯಲ್ಲಿ ಈ ಸಲವೂ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಸವಿತಾ ಚೀಲದಿಂದ ಪುಡಿಯ ಪೊಟ್ಟಣ ತೆಗೆದಳು.

"ಏನ ಅದು?" ಎಂದಳು ಗೌರವ್ವ.

"ಬ್ಯಾಕ್ಟೀರಿಯಾ, ಅತ್ತಿ."

"ಹುಳ ಸಾಯ್ಲಿ ಅಂತ ಮತ್ತೊಂದು ಹುಳ ಹಾಕ್ತೀಯೇನ? ದೋಣಿ ಮುಟ್ಟಬ್ಯಾಡ, ನೋಡು!"

ಸವಿತಾ ಪೊಟ್ಟಣ ಕೆಳಗಿಟ್ಟು ಮಗ್ಗದ ಪಕ್ಕ ಕುಳಿತಳು. "ಎರಡು ಜಾತಿ ಅದಾವತ್ತಿ. ಒಂದರ ವಿಷ ಭಾಳ ಜೋರು, ಆದ್ರ ಬಿಸಲಿಗೆ, ರಾಡಿ ನೀರಿಗೆ ಲಗೂನ ಸೋಲತೈತಿ. ಇನ್ನೊಂದು ಗಟಾರದಾಗೂ ಬಾಳ್ವಿ ಮಾಡತೈತಿ, ಆದ್ರ ಅದರ ವಿಷ ಸೊಳ್ಳಿಗೆ ರೂಢಿ ಆಗಿಬಿಡತೈತಿ. ಮೊದಲನೇದರ ವಿಷದ ಜೀನ್ ತಗದು ಎರಡನೇದಕ್ಕ ಜೋಡಿಸಿದ್ರ?"

"ಗಟ್ಟಿ ಒಡಲಿಗೆ ರೇಶಿಮಿ ಸೆರಗು! ಕೊಂಡಿ ಹಾಕಾಕತ್ತಾರನ್ನು!" ಎಂದಳು ಗೌರವ್ವ.

ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸಿದ ನಾನು ಯಾವ ಊರಿಗೆ ಎಂದು ಕೇಳಿದ್ದೆ. ಸಾಲಿಯ ಕಟ್ಟೆ ಹತ್ತದ ಅಕ್ಕ ನೇರ ವಿಷಯದ ಒಳಗೇ ಹೊಕ್ಕಿದ್ದಳು. ಅಷ್ಟಕ್ಕೇ ಬಿಡಲೂ ಇಲ್ಲ. "ಜಗ್ಗಿದ್ರ ಬಿಚ್ಚಂಗಿಲ್ಲ ಹೌದಿಲ್ಲೊ?" ಎಂದಳು. ಸವಿತಾ ಬಾಯಿ ಬಿಟ್ಟು ನೋಡಿದಳು. ವಿಜ್ಞಾನಿಗಳ ತಲೆನೋವೂ ಅದೇ ಅಂತೆ: ಸೇರಿಸಿದ ಜೀನು ಪೀಳಿಗೆ ಕಳೆದಂತೆ ಕಳಚಿಹೋಗದೆ ಉಳಿಯಬೇಕು.

"ಈ ಪೊಟ್ಟಣದಾಗ ಕೊಂಡಿ ಹಾಕಿದ್ದು ಐತೇನ?"

"ಇಲ್ಲತ್ತಿ. ಅದು ಇನ್ನೂ ಪ್ರಯೋಗಶಾಲಿ ಮಗ್ಗದ ಮ್ಯಾಲೈತಿ. ಇದು ಮೊದಲನೇದು, ಹಳೇದು. ನಿಮ್ಮ ತಿಳಿ ನೀರಿಗೆ ಇದ ಸಾಕು."

ಇದ್ದದ್ದನ್ನು ಇದ್ದಂತೆ ಹೇಳಿದ್ದಕ್ಕೋ ಏನೋ, ಗೌರವ್ವ ಪೊಟ್ಟಣ ಎತ್ತಿಕೊಂಡು, ಸವಿತಾ ತೋರಿಸಿದಷ್ಟೇ ಪುಡಿಯನ್ನು ತಾನೇ ಉದುರಿಸಿದಳು.

ಮೂರನೆಯ ದಿನ ಬೆಳಿಗ್ಗೆ ಅವಳ ಫೋನು: "ತಮ್ಮಾ, ಲಗೂನ ಬಾ!" ಜ್ವರವೇ ಬಂತೆಂದುಕೊಂಡು ಚಪ್ಪಲಿ ಅದಲುಬದಲು ಮೆಟ್ಟಿ ಓಡಿದೆ. ದೋಣಿಯಲ್ಲಿ ಒಂದು ಮರಿಯೂ ಮಿಸುಕುತ್ತಿರಲಿಲ್ಲ. ಅಕ್ಕ ಕುಣಿಯಲ್ಲಿ ಕಾಲಿಳಿಬಿಟ್ಟು ಕೊಂಡಿ ಹಾಕುತ್ತಿದ್ದಳು. ಬೆರಳುಗಳು ಬೇಕಾದಂತೆ ಮಡಚುತ್ತಿದ್ದವು.

"ನಿನ್ನ ಮಗಳಿಗೆ ಹೇಳು," ಎಂದಳು ತಲೆ ಎತ್ತದೆ, "ಆ ಪ್ರಯೋಗಶಾಲ್ಯಾಗ ಅವರ ಕೊಂಡಿ ಬಿಚ್ಚಾಕತ್ತಿದ್ರ ನನ್ನ ಕರಸ್ರಿ ಅಂತ."

ಅಟ್ಟದ ಟ್ರಂಕನ್ನು ಇಳಿಸಿ ಧೂಳು ಒರೆಸಿಟ್ಟಿದ್ದೇನೆ. ಅಕ್ಕನಿಗೆ ಈ ವರ್ಗಾವಣೆಯ ಆದೇಶ ಬಂದರೆ ಸಾಮಾನು ಹೊರುವವನಾಗಿ ನಾನೂ ಹೋಗುವವನೇ.