ಉಂಗುರದ ಬಂಡೆ

ನಿನ್ನೆ ಹಿತ್ತಾಳೆ ದೀಪ ತಿಕ್ಕಿ ಬೆಳಗಲು ಹುಣಸೆಹಣ್ಣು ಕಿವುಚುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ವಿಜ್ಞಾನದ ಮೇಡಂ ನೆನಪಾದರು.

ಕೆರೆಬಿಳಚಿ ಊರಿನಾಚೆ ಇರುವ ನಮ್ಮೂರ ಶಾಲೆಯ ಹಿಂದೆ ಒಂದು ಬೂದು ಬಂಡೆಯಿತ್ತು. ಮೈತುಂಬಾ ಉಂಗುರದೊಳಗೆ ಉಂಗುರ, ಕೊಯ್ದ ಈರುಳ್ಳಿಯ ಹಾಗೆ. ಮೇಡಂ ನಮ್ಮನ್ನು ಅಲ್ಲಿಗೆ ಕರೆದೊಯ್ದು, ಕೆಳಗೆ ಬಿದ್ದಿದ್ದ ಚೂರಿನ ಮೇಲೆ ಆಸಿಡ್ಡಿನ ಹನಿ ಬಿಟ್ಟರು. ಬುಸ್ಸೆಂದು ನೊರೆ ಎದ್ದಿತು.

"ಹಿಂಗೆ ನೊರೆ ಬಂದ್ರೆ ಸುಣ್ಣದಕಲ್ಲು. ಇದರ ತಂಗಿ ಡಾಲೊಮೈಟ್ ಭಾಳ ಬಿಗುಮಾನದಾಕಿ, ಕೆರೆದು ಪುಡಿ ಮಾಡದೆ ನೊರೆ ಬಿಡಲ್ಲ" ಎಂದು ನಗಿಸಿದರು.

ಇಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಕಡಲಿತ್ತಂತೆ. ಕಣ್ಣಿಗೆ ಕಾಣದ ಜೀವಿಗಳು ಪಾಚಿಯಂತೆ ಹರಡಿ, ಸುಣ್ಣದ ಕೆಸರು ಹಿಡಿದು, ಪದರದ ಮೇಲೆ ಪದರ ಕಟ್ಟಿದ್ದವಂತೆ. ಆ ಪದರಗಳ ಗುರುತಾದ ಉಂಗುರಗಳನ್ನು ಮುಂದಿನ ಮಕ್ಕಳೂ ಮುಟ್ಟಿ ನೋಡಬೇಕು ಎನ್ನುವುದೊಂದೇ ಅವರ ಆಸೆ.

ಕಲ್ಲಲ್ಲಿ ಜೀವ ಇತ್ತಂತೆ ಎಂದು ನಾವು ಮನೆಯಲ್ಲಿ ಹೇಳಿದೆವು. ಸಾಕಾಯಿತಲ್ಲ! ಮುಂದಿನ ಸೋಮವಾರವೇ ಹೆಂಗಸರು ಕೊಡ ಹೊತ್ತು ಬಂದರು. ದೇವರ ಸಾಮಾನು ಬೆಳಗುವ ಹಾಗೆ ಬಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದಿತು. "ಅಯ್ಯೋ ಶಿವನೇ, ಉಸಿರಾಡ್ತೈತೆ!" ಎಂದು ಅಲ್ಲೇ ಅಡ್ಡಬಿದ್ದರು.

ಮೇಡಂ ಓಡಿ ಬಂದು ಕೈಮುಗಿದರು. "ಹುಳಿ ಹಚ್ಚಬೇಡ್ರವ್ವಾ, ಕಲ್ಲು ಕರಗ್ತೈತೆ."

"ಕೊಳೆ ದೇವ್ರಿಗೆ ಪೂಜೆ ಮಾಡಾಕೆ ಆಗ್ತೈತೇನ್ರಿ ಮೇಡಂ? ನೀವೇ ತೋರಿಸಿಕೊಟ್ಟ ದೇವ್ರಲ್ವಾ?" ಎಂದು ಹೆಂಗಸರು ಅವರ ಹಣೆಗೂ ಕುಂಕುಮ ಹಚ್ಚಿದರು. ಅವರು ಬೈದಿದ್ದರೆ ಮೇಡಂ ಜಗಳವನ್ನಾದರೂ ಆಡಬಹುದಿತ್ತು. ಭಕ್ತಿಯ ಜೊತೆ ಯಾರು ಜಗಳ ಆಡುತ್ತಾರೆ, ಹೇಳಿ?

ವಾರವಾರ ತಿಕ್ಕಿ ತಿಕ್ಕಿ, ಎಣ್ಣೆ ಸವರಿ ಸವರಿ, ಉಂಗುರಗಳು ಅಳಿಸಿಹೋದವು. ಕೊನೆಯ ಸಲ ಮೇಡಂ ಹೊಸ ಮಕ್ಕಳನ್ನು ಕರೆತಂದಾಗ ನಾನು ಅಲ್ಲೇ ಇದ್ದೆ. ನುಣುಪಾದ ಕರೀ ಬಂಡೆಯ ಮೇಲೆ ಕೈಯಾಡಿಸುತ್ತ, "ಇಲ್ಲೇ ಇತ್ತು… ಇಲ್ಲೇ…" ಎಂದರು. ಮಕ್ಕಳ ಕಣ್ಣು ಪ್ರಸಾದದ ಮೇಲಿತ್ತು. ಆಮೇಲೆ ಮೇಡಂ ಸೊಕ್ಕೆ ಊರಿನ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಅಲ್ಲೇ ತೀರಿಕೊಂಡರು ಎಂದು ಯಾರೋ ಹೇಳಿದರು.

ಮನಸ್ಸು ತಡೆಯದೆ ಇವತ್ತು ಊರಿನ ಬಸ್ಸು ಹತ್ತಿದೆ. ಬಂಡೆಯ ಸುತ್ತ ಟೈಲ್ಸ್ ಹಾಕಿದ ಗುಡಿ ಎದ್ದಿದೆ. ಪೂಜೆ ಮಾಡುವ ಅಜ್ಜಿಗೆ ಮೇಡಂ ಕಥೆಯನ್ನೆಲ್ಲ ಹೇಳಿದೆ. ಅಜ್ಜಿ ನಿಜವಾಗಿಯೂ ಅತ್ತಳು.

"ಎಂಥಾ ಪುಣ್ಯಾತ್ಗಿತ್ತಿ! ಆಕೀದು ಫೋಟೋ ಇದ್ರೆ ಕೊಡವ್ವಾ, ಇಲ್ಲೇ ಇಟ್ಟು ಪೂಜೆ ಮಾಡ್ತೀವಿ."

ಫೋಟೋ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಕೊಡುತ್ತಿರಲಿಲ್ಲ.